ತಪ್ಪಿಸಿಕೊಂಡ ಮೀನಿನ ತೂಕ

ಟೆಕ್ಸಾಸ್‌ನ ಯಾವುದೇ ದೊಡ್ಡ ಮೀನುಗಾಳದ ಅಂಗಡಿಗೆ ಹೋದರೂ ಅಲ್ಲಿ ಕಪ್ಪೆಗಳಿಗೇ ಒಂದು ಗೋಡೆ ಮೀಸಲಾಗಿರುತ್ತದೆ. ಹಸಿರು ಕಪ್ಪೆ, ಕರಿ ಕಪ್ಪೆ, ಬಿಳಿ ಹೊಟ್ಟೆಯ ಕಪ್ಪೆ, ಹಳದಿ ಹೊಟ್ಟೆಯ ಕಪ್ಪೆ. ಎಲ್ಲವೂ ಮೆತ್ತನೆಯ ಪ್ಲಾಸ್ಟಿಕ್ಕಿನವು, ಒಳಗೆ ಟೊಳ್ಳು. ಹಿಂಗಾಲುಗಳ ಜಾಗದಲ್ಲಿ ರಬ್ಬರ್ ಎಳೆಗಳ ಎರಡು ಕುಚ್ಚು. ಹಿಂಭಾಗದಿಂದ ಹೊರಟ ಎರಡು ದಪ್ಪ ಗಾಳಗಳು ಮೇಲಕ್ಕೆ ಬಾಗಿ ಬೆನ್ನಿಗೆ ಅಂಟಿಕೊಂಡು ಮಲಗಿರುತ್ತವೆ. ಬೆರಳಲ್ಲಿ ಒತ್ತಿದರೆ ಕಪ್ಪೆಯ ಮೈ ಕುಗ್ಗಿ ಗಾಳದ ಮೊನೆ ಹೊರಬರುತ್ತದೆ, ಬಿಟ್ಟರೆ ಮತ್ತೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಇಡೀ ಜಾಣತನ ಇರುವುದು ಇಷ್ಟರಲ್ಲೇ. ತಾವರೆ ಎಲೆ, ಜೊಂಡು, ಪಾಚಿ ಏನೇ ಇರಲಿ, ಈ ಕಪ್ಪೆ ಎಲ್ಲಿಯೂ ಸಿಕ್ಕಿಕೊಳ್ಳದೆ ಮೇಲೆ ತೆವಳಿಕೊಂಡು ಬರುತ್ತದೆ. ಮೀನು ಬಾಯಿ ಹಾಕಿ ಕಚ್ಚಿದಾಗ ಮಾತ್ರ ಮೊನೆ ಹೊರಗೆ.

ಹೀಗೆ ಕಪ್ಪೆಯೊಂದಕ್ಕೆ ಹತ್ತು ಡಾಲರ್ ಕೊಟ್ಟೆ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕಿದ್ದರು. ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಕಪ್ಪೆಗೆ ಯಾರೂ ಕಾಸು ಕೊಡುತ್ತಿರಲಿಲ್ಲ. ಗದ್ದೆಯ ಬದುವಿನಲ್ಲಿ ಸಣ್ಣ ಕಪ್ಪೆಗಳನ್ನು ಹಿಡಿದು ತೂತು ಮುಚ್ಚಳದ ಡಬ್ಬಿಗೆ ತುಂಬಿಸಿಕೊಡುವುದು ಹುಡುಗರಾದ ನಮ್ಮ ಕೆಲಸವಾಗಿತ್ತು. ಅಪ್ಪ ಅದನ್ನು ಗಾಳಕ್ಕೆ ಹಾಕಿ, ಬಿದಿರು ಕೋಲಿನಿಂದ ಕೆರೆಯ ಜೊಂಡಿನ ಮಧ್ಯೆ ಇಳಿಬಿಟ್ಟು, ನೀರಿನ ಮೇಲೆ ತಟಕ್ ತಟಕ್ ಎಂದು ಕುಣಿಸುತ್ತಿದ್ದರು. ಅದೆಲ್ಲ ಕೊರವ ಮೀನಿಗಾಗಿ. ಕೊರವ ಕಿವಿರಿನ ಉಸಿರನ್ನೊಂದೇ ನಂಬಿ ಬದುಕುವ ಮೀನಲ್ಲ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ಆ ಗುಳಕ್ ಸದ್ದು ಎಲ್ಲಿಂದ ಬಂತೆಂದು ಅಪ್ಪ ಕತ್ತು ಓರೆ ಮಾಡಿ ಆಲಿಸುತ್ತಿದ್ದರು. ಮರಿಗಳ ಕಾವಲಿಗೆ ನಿಂತ ಕೊರವ ಹತ್ತಿರ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತದೆ, ಹಸಿವಿಲ್ಲದಿದ್ದರೂ.

ಅಮೆರಿಕದ ಲಾರ್ಜ್‌ಮೌತ್ ಬ್ಯಾಸ್ ಕೊರವನಿಗೆ ನೆಂಟನೇನಲ್ಲ. ಆದರೆ ಸ್ವಭಾವದಲ್ಲಿ ಇಬ್ಬರೂ ಒಂದೇ ಕೇರಿಯವರು. ಬ್ಯಾಸ್ ಕೂಡ ಸೊಪ್ಪಿನ ನೆರಳಲ್ಲಿ ಅಡಗಿ ಕೂತು ಹೊಂಚು ಹಾಕುತ್ತದೆ. ಅದರಲ್ಲೂ ಗಂಡು ಮೀನು ಮೊಟ್ಟೆ ಮರಿ ಕಾಯುತ್ತದೆ. ಕಪ್ಪೆ, ಹಾವಿನ ಮರಿ, ಇಲಿ, ಬಾತುಕೋಳಿಯ ಮರಿ, ಬಾಯಿಗೆ ಹಿಡಿಸುವುದು ಏನಿದ್ದರೂ ಸರಿ. ಬಾಯಿಯಂತೂ ಹೆಸರಿಗೆ ತಕ್ಕಷ್ಟು ದೊಡ್ಡದು, ಮೇಲ್ದವಡೆ ಕಣ್ಣನ್ನೂ ದಾಟಿ ಹಿಂದೆ ಹೋಗಿರುತ್ತದೆ. ಆದ್ದರಿಂದ ಡಲ್ಲಾಸಿನ ಹೊರವಲಯದಲ್ಲಿ ಮನೆ ಮಾಡಿದ ಮೇಲೆ ನನಗೆ ಹಿಡಿಸಿದ ಮೊದಲ ಅಮೆರಿಕನ್ ಹವ್ಯಾಸ ಇದೇ ಆದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಪ್ಪನಿಗೆ ಒಂದು ವಿಷಯ ಅರ್ಥವಾಗಲೇ ಇಲ್ಲ. ಹಿಡಿದ ಮೀನನ್ನು ನಾವು ಮತ್ತೆ ನೀರಿಗೆ ಬಿಡುತ್ತೇವೆ ಅನ್ನುವುದು.

"ಇಡ್ಕೊಂಡು ಮತ್ತೆ ನೀರಿಗೇ ಬುಡೋದಾದ್ರೆ ಇಡಿಯೋದ್ಯಾಕ್ಲಾ? ಅದಕ್ಕೂ ನೋವು, ನಿಂಗೂ ಪೆಟ್ರೋಲ್ ಖರ್ಚು."

ನನ್ನ ಬಳಿ ಉತ್ತರಗಳೇನೋ ಇದ್ದವು. ಅಮೆರಿಕದಲ್ಲಿ ಬ್ಯಾಸ್ ಮೀನಿನ ಪಂದ್ಯಗಳನ್ನು ದೊಡ್ಡ ಮಟ್ಟಕ್ಕೆ ಬೆಳೆಸಿದ ರೇ ಸ್ಕಾಟ್ ಎಂಬಾತ 1972ರಲ್ಲಿ, ಹಿಡಿದದ್ದನ್ನು ಕೊಲ್ಲಬೇಡಿ ಎಂಬ ಅಭಿಯಾನ ಶುರು ಮಾಡಿದ. ಒಂದೇ ಪಂದ್ಯದಲ್ಲಿ ನೂರಾರು ಮೀನು ಸಾಯುತ್ತಿದ್ದ ಕಾಲ ಅದು. ಹೀಗೇ ಹೋದರೆ ಮುಂದೆ ಹಿಡಿಯುವುದಕ್ಕೇ ಏನೂ ಉಳಿಯುವುದಿಲ್ಲ ಎಂಬ ಸರಳ ಲೆಕ್ಕ ಅವನದು. ಈಗ ಅದು ಲೆಕ್ಕವಾಗಿ ಉಳಿದಿಲ್ಲ, ಆಚಾರವೇ ಆಗಿದೆ. ದೊಡ್ಡ ಬ್ಯಾಸನ್ನು ಕೊಯ್ದು ತಿಂದೆ ಎಂದರೆ ದೋಣಿಕಟ್ಟೆಯಲ್ಲಿ ಜನ ಮುಖ ಮುಖ ನೋಡುತ್ತಾರೆ. ನಾನು ಹೋಗುವ ಲೇಕ್ ಫೋರ್ಕ್ ಜಲಾಶಯದಲ್ಲಿ ಕಾನೂನೇ ಇದೆ: 16 ಇಂಚಿನಿಂದ 24 ಇಂಚಿನವರೆಗಿನ ಬ್ಯಾಸ್ ಸಿಕ್ಕರೆ ಬಿಡಲೇಬೇಕು. ಇದೇ ಮೀನು ಜಪಾನಿನ ಬಿವಾ ಸರೋವರದಲ್ಲಿ ಹೊರಗಿನಿಂದ ಬಂದು ಸೇರಿಕೊಂಡ ಪೀಡೆ. ಅಲ್ಲಿ ಹಿಡಿದ ಬ್ಯಾಸನ್ನು ವಾಪಸು ನೀರಿಗೆ ಬಿಡಬಾರದೆಂದು ಶಿಗಾ ಪ್ರಾಂತ್ಯದವರು 2003ರಿಂದ ನಿಯಮ ಮಾಡಿದ್ದಾರೆ. ಒಂದೇ ಮೀನು. ಇಲ್ಲಿ ಇಟ್ಟುಕೊಂಡರೆ ತಪ್ಪು, ಅಲ್ಲಿ ಬಿಟ್ಟರೆ ತಪ್ಪು.

ಅಪ್ಪನಿಗೆ ಇದ್ಯಾವುದೂ ಹಿಡಿಸಲಿಲ್ಲ. ಅವರಿಗೆ ಹಿಡಿಸಿದ್ದು ಜಾರ್ಜ್ ಪೆರಿಯ ಕತೆಯೊಂದೇ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಲೇಕಿನಲ್ಲಿ ಇಪ್ಪತ್ತರ ಹರೆಯದ ಪೆರಿಗೆ 22 ಪೌಂಡ್ 4 ಔನ್ಸ್ ತೂಕದ ಬ್ಯಾಸ್ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಹತ್ತು ಕಿಲೋ ದಾಟಿದ್ದು. ಬರೋಬ್ಬರಿ 77 ವರ್ಷ ಆ ದಾಖಲೆಯನ್ನು ಸರಿಗಟ್ಟುವವರು ಬರಲಿಲ್ಲ. ಕೊನೆಗೆ 2009ರಲ್ಲಿ ಸರಿಗಟ್ಟಿದ್ದು ಮನಾಬು ಕುರಿಟಾ, ಅದೇ ಬಿವಾ ಸರೋವರದಲ್ಲಿ. ಕುರಿಟಾನ ಮೀನು ಒಂದು ಔನ್ಸಿಗೂ ಕಡಿಮೆ ಅಂತರದಲ್ಲಿ ಮುಂದಿತ್ತು. ಅಷ್ಟು ಸಣ್ಣ ಅಂತರವನ್ನು ದಾಖಲೆಯ ನಿಯಮ ಒಪ್ಪುವುದಿಲ್ಲವಾದ್ದರಿಂದ ಇಬ್ಬರದೂ ಸಮ ಎಂದಾಯಿತು. ಪೆರಿ ತನ್ನ ಮೀನನ್ನು ಏನು ಮಾಡಿದ? ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ತೂಗಿಸಿ, ಮನೆಗೆ ಒಯ್ದ. ಮನೆಯವರು ಬೇಯಿಸಿ ತಿಂದರು.

"ತಿಂದ್ರು ತಾನೆ? ಅವ್ನು ಮನುಷ್ಯ ಕಣ್ಲಾ," ಅಂದರು ಅಪ್ಪ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಲೇಕ್ ಫೋರ್ಕ್ ಇರುವುದು ಡಲ್ಲಾಸಿನಿಂದ ಪೂರ್ವಕ್ಕೆ, ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. 1980ರಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಕಣಿವೆಯ ಮರಗಳನ್ನೆಲ್ಲ ಕಡಿಯಲಿಲ್ಲ. ಇವತ್ತಿಗೂ ಒಣಗಿದ ಬೊಡ್ಡೆಗಳು ನೀರಿನ ಮಧ್ಯೆ ಎದ್ದು ನಿಂತಿವೆ, ತುದಿಯಲ್ಲಿ ನೀರುಕಾಗೆ ಕೂತಿರುತ್ತದೆ. ಫ್ಲಾರಿಡಾ ತಳಿಯ ಬ್ಯಾಸ್ ಮರಿಗಳನ್ನು ತಂದು ಬಿಟ್ಟರು. ಅವು ಬೆಳೆದ ರೀತಿ ಹೇಗಿತ್ತೆಂದರೆ, ಟೆಕ್ಸಾಸ್ ರಾಜ್ಯದ ದಾಖಲೆಯ ಬ್ಯಾಸ್, 18.18 ಪೌಂಡಿನದು, 1992ರ ಜನವರಿಯಲ್ಲಿ ಸಿಕ್ಕಿದ್ದು ಇಲ್ಲಿಯೇ. ಆದರೆ ಅಂಥದ್ದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. ಸಾಮಾನ್ಯ ಮೀನುಗಾರ ಇಲ್ಲಿ ಕನಸು ಕಾಣುವುದು ಎರಡಂಕಿಯ ಮೀನಿಗೆ, ಅಂದರೆ ಹತ್ತು ಪೌಂಡಿಗೆ. ನಾಲ್ಕೂವರೆ ಕಿಲೋ. ನಮ್ಮ ಕಾಟ್ಲಾ, ರೋಹುಗಳ ಮುಂದೆ ಇದೇನು ಮಹಾ ಅನ್ನಿಸಬಹುದು. ಬ್ಯಾಸ್ ಹಿಡಿಯುವವರಲ್ಲಿ ಬಹಳ ಮಂದಿ ಅದನ್ನು ಕಾಣದೆಯೇ ಕಣ್ಣು ಮುಚ್ಚುತ್ತಾರೆ.

ನಾನು ಅಲ್ಲಿಗೆ ಹೋಗುವುದು ನಮ್ಮ ಪಕ್ಕದ ಮನೆಯವರ ಜೊತೆ. ಅವರ ಹೆಸರು ಇಲ್ಲಿ ಬೇಡ, ಅಜ್ಜ ಎನ್ನುತ್ತೇನೆ. ನಮ್ಮ ಮಕ್ಕಳು ಅವರನ್ನು ಕರೆಯುವುದೂ ಹಾಗೆಯೇ. ಅವರು ಕಲಿತ ಒಂದೇ ಕನ್ನಡ ಪದ ಅದು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ವಯಸ್ಸು 78. ದೋಣಿ ಅವರದು, ಅದನ್ನು ಎಳೆಯುವ ಪಿಕಪ್ ಟ್ರಕ್ಕೂ ಅವರದು. ಓಡಿಸುವುದು ಮಾತ್ರ ನಾನು. ಯಾಕೆಂದರೆ ಕೆಲವು ವರ್ಷಗಳಿಂದ ಅವರಿಗೆ ಕಣ್ಣಿನ ಪರದೆಯ ನಡುಭಾಗ ಸವೆಯುವ ಕಾಯಿಲೆ. ಅದು ಪೂರ್ತಿ ಕುರುಡಲ್ಲ. ಅಂಚಿನದು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಎದುರಿಗೆ ಕೂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಯಾವುದನ್ನು ನೋಡಬೇಕೆಂದು ಕಣ್ಣು ನೆಡುತ್ತಾರೋ ಅದೇ ಮಾಯವಾಗುತ್ತದೆ. ಹಾಗಾಗಿ ನನ್ನ ಜೊತೆ ಮಾತಾಡುವಾಗ ಅವರು ನನ್ನ ಹೆಗಲಾಚೆ ಎಲ್ಲೋ ನೋಡುತ್ತಿರುತ್ತಾರೆ.

ಇಂಥವರು ಮೀನು ಹಿಡಿಯುವುದು ಹೇಗೆ? ದೋಣಿಯ ಮೂತಿ ಹನ್ನೆರಡು ಗಂಟೆ ಎಂದಿಟ್ಟುಕೊಂಡು ನಾನು ಹೇಳುತ್ತೇನೆ: ಹತ್ತು ಗಂಟೆಗೆ, ಹದಿನೈದು ಗಜ, ಎಲೆಗಳ ಮಧ್ಯೆ ಒಂದು ಕಿಂಡಿ ಇದೆ. ಅವರು ಬೀಸುತ್ತಾರೆ. ಅರವತ್ತು ವರ್ಷ ಬೀಸಿದ ತೋಳು, ಕಣ್ಣನ್ನು ಕೇಳದೆ ಕೆಲಸ ಮಾಡುತ್ತದೆ. ಕಪ್ಪೆ ಬಿದ್ದ ಸದ್ದಿನಲ್ಲೇ ಅದು ಎಲೆಯ ಮೇಲೆ ಬಿತ್ತೋ ನೀರಿಗೆ ಬಿತ್ತೋ ಅವರಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಕಪ್ಪೆ ಗಾಳದ ವಿಷಯದಲ್ಲಿ ಕಣ್ಣಿದ್ದವರಿಗೇ ತೊಂದರೆ ಹೆಚ್ಚು. ಬೇರೆ ಗಾಳಗಳು ನೀರಿನೊಳಗೆ ಮುಳುಗಿರುತ್ತವೆ, ಕೈಗೆ ತಟ್ಟಿದಾಗಲೇ ಮೀನು ಬಂದದ್ದು ತಿಳಿಯುವುದು. ಕಪ್ಪೆ ಮಾತ್ರ ಕಣ್ಣೆದುರಿಗೇ ಇರುತ್ತದೆ. ಸದ್ದಿಲ್ಲದ ನೀರು ಇದ್ದಕ್ಕಿದ್ದಂತೆ ಒಡೆದು, ಅಲ್ಲಿದ್ದ ಕಪ್ಪೆ ಇಲ್ಲವಾಗುತ್ತದೆ. ಅದನ್ನು ಕಂಡ ಮನುಷ್ಯನ ಕೈ ತಾನಾಗಿ ಕೋಲನ್ನು ಎಳೆದುಬಿಡುತ್ತದೆ. ಮೀನು ಆಗಿನ್ನೂ ಕಪ್ಪೆಯನ್ನು ಬಾಯೊಳಗೆ ತಿರುಗಿಸಿಕೊಂಡಿರುವುದಿಲ್ಲ, ಎಷ್ಟೋ ಸಲ ಬರೀ ಎಲೆಯನ್ನೇ ಕಚ್ಚಿರುತ್ತದೆ. ಎಳೆದರೆ ಕಪ್ಪೆ ಹಾರಿ ಬಂದು ನಮ್ಮ ಮುಖಕ್ಕೇ ಬೀಳುತ್ತದೆ. ಅದಕ್ಕೇ ಎಲ್ಲರೂ ಹೇಳುವ ಬುದ್ಧಿಮಾತು: ಒಂದು, ಎರಡು ಎಣಿಸು, ಭಾರ ಕೈಗೆ ಬರಲಿ, ಆಮೇಲೆ ಎಳೆ. ಹೇಳುವುದು ಸುಲಭ. ಅಜ್ಜನಿಗೆ ಆ ಕಷ್ಟವಿಲ್ಲ. ಅವರಿಗೆ ನೀರು ಒಡೆದದ್ದು ಕಾಣುವುದಿಲ್ಲ, ಕೇಳಿಸುತ್ತದೆ. ಕಿವಿ ಕಣ್ಣಿನಷ್ಟು ಗಾಬರಿ ಬೀಳುವುದಿಲ್ಲ. ಭಾರ ಬರುವವರೆಗೆ ಅವರು ಕಾಯುತ್ತಾರೆ. ಕಣ್ಣು ಚೆನ್ನಾಗಿದ್ದಾಗಿನ ಲೆಕ್ಕಕ್ಕಿಂತ ಈಗಲೇ ಹತ್ತಕ್ಕೆ ಹೆಚ್ಚು ಮೀನು ಸಿಗುತ್ತಿವೆ ಎಂದು ಅವರೇ ನಗುತ್ತಾ ಹೇಳುತ್ತಾರೆ.

ಅವರ ಜೀವಮಾನದ ದೊಡ್ಡ ಬ್ಯಾಸ್ 9 ಪೌಂಡ್ 12 ಔನ್ಸ್. ನಾಲ್ಕು ಔನ್ಸ್ ಕಡಿಮೆ. ನೂರು ಗ್ರಾಮಿಗೆ ಸ್ವಲ್ಪ ಮೇಲೆ. ಆ ಮಾತನ್ನು ಅವರು ಎಂದೂ ದುಃಖದಿಂದ ಆಡಿದವರಲ್ಲ. ಆದರೆ ಪ್ರತಿ ವರ್ಷ ಮೇ ತಿಂಗಳಲ್ಲಿ ತಾವರೆ ಎಲೆ ನೀರಿನ ಮೇಲೆ ಹರಡಿಕೊಂಡ ಸುದ್ದಿ ಬಂದ ಕೂಡಲೇ ನಮ್ಮ ಬಾಗಿಲು ತಟ್ಟುತ್ತಾರೆ.

ಹೋದ ವರ್ಷ ಜೂನಿನ ಒಂದು ಶನಿವಾರ. ಬೆಳಗಿನ ಆರೂವರೆ ಇರಬೇಕು. ಗಾಳಿಯಿಲ್ಲ, ಮೋಡ ಕವಿದಿತ್ತು. ಒಂದು ಕೊಲ್ಲಿಯೊಳಗೆ, ಬೊಡ್ಡೆಗಳ ಸಾಲು ಮುಗಿದು ಎಲೆಗಳ ಹಾಸು ಶುರುವಾಗುವಲ್ಲಿ, ಸಣ್ಣ ವಿದ್ಯುತ್ ಮೋಟರಿನಲ್ಲಿ ದೋಣಿಯನ್ನು ಮೆಲ್ಲಗೆ ನೂಕುತ್ತಿದ್ದೆ. ಎಲೆಗಳ ಕೆಳಗೆ ಬ್ಲೂಗಿಲ್ ಎಂಬ ಚಿಕ್ಕ ಮೀನುಗಳು ಹುಳು ಹೆಕ್ಕುವ ಪುಚ್ ಪುಚ್ ಸದ್ದು. ಅವಿದ್ದ ಕಡೆ ಅವನ್ನು ತಿನ್ನುವ ಬ್ಯಾಸೂ ಇರುತ್ತದೆ. ಅಜ್ಜ ಕೈಯೆತ್ತಿ ನಿಲ್ಲಿಸು ಎಂದರು. ಅವರಿಗೆ ನನಗಿಂತ ಮೊದಲೇ ಕೇಳಿಸಿತ್ತು. ನಾನು ದಿಕ್ಕು ಹೇಳಿದೆ: ಎರಡು ಗಂಟೆ, ಹನ್ನೆರಡು ಗಜ, ಬಾಗಿದ ಬೊಡ್ಡೆಯ ಎಡಕ್ಕೆ.

ಕಪ್ಪೆ ಕಿಂಡಿಯೊಳಗೇ ಬಿತ್ತು. ಅವರು ಅಲುಗಿಸಲಿಲ್ಲ. ಎದ್ದ ಉಂಗುರಗಳೆಲ್ಲ ಅಳಿಸಿ ಹೋಗುವವರೆಗೆ ಸುಮ್ಮನಿದ್ದರು. ಆಮೇಲೆ ಮಣಿಕಟ್ಟಿನಿಂದ ಎರಡು ಸಣ್ಣ ಕುಲುಕು. ಕಪ್ಪೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಮೂತಿ ತಿರುಗಿಸಿತು. ಮತ್ತೆ ಮೌನ.

ಬಂದ ಸದ್ದು ದೊಡ್ಡದೇನಲ್ಲ. ಬಾವಿಯಲ್ಲಿ ಕೊಡ ಓರೆಯಾಗಿ, ಬಾಯಿ ತುಂಬಿಕೊಂಡು ಒಮ್ಮೆಲೇ ಮುಳುಗುವಾಗ ಬರುತ್ತದಲ್ಲ, ಗ್ಲಪ್, ಅಂಥದ್ದು. ಬ್ಯಾಸ್ ಕಚ್ಚುವುದಕ್ಕಿಂತ ಹೆಚ್ಚಾಗಿ ಹೀರುತ್ತದೆ. ಬಾಯನ್ನು ಫಕ್ಕನೆ ತೆರೆದಾಗ ನೀರಿನ ಜೊತೆ ಬೇಟೆಯೂ ಒಳಗೆ ನುಗ್ಗುತ್ತದೆ. ದೊಡ್ಡ ಬಾಯಿಗೆ ಗದ್ದಲ ಬೇಕಾಗುವುದಿಲ್ಲ. ಕಪ್ಪೆ ಇದ್ದಲ್ಲಿ ಈಗ ಬಿಂದಿಗೆಯಗಲದ ಒಂದು ಕಪ್ಪು ತೂತು ಇತ್ತು. ನನ್ನ ಕೈಯಲ್ಲಿ ಕೋಲಿದ್ದಿದ್ದರೆ ಆಗಲೇ ಎಳೆದಾಗಿರುತ್ತಿತ್ತು. ಅಜ್ಜ ತುಟಿಯಲ್ಲೇ ಎಣಿಸಿದರು. ನೂಲು ಬಿಗಿಯಾಯಿತು. ಆಮೇಲೆ ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಎಳೆದರು.

ಏಳಡಿಗೂ ಮಿಕ್ಕ ದಪ್ಪ ಕೋಲು ಬಿಲ್ಲಾಯಿತು. 65 ಪೌಂಡ್ ಭಾರ ತಡೆಯುವ ಹೆಣೆದ ನೂಲು ಎಲೆಯ ದಂಟುಗಳನ್ನು ಕತ್ತರಿಸುವ ಚರಚರ ಸದ್ದು ಕೇಳಿಸಿತು. ಇಂಥ ಕಡೆ ಮೀನಿಗೆ ಸಡಿಲ ಕೊಟ್ಟರೆ ಅದು ಬೊಡ್ಡೆಗೆ ಸುತ್ತಿಕೊಂಡು ಕತೆ ಮುಗಿಸುತ್ತದೆ. ಅಜ್ಜ ಒಂದಿಂಚೂ ಕೊಡಲಿಲ್ಲ. ನಾನು ದೋಣಿಯನ್ನು ಮೀನಿನ ಕಡೆಗೆ ನೂಕಿದೆ, ಹಿಡಿಬಲೆಯನ್ನು ಬಿಚ್ಚಿಕೊಂಡು ಅಂಚಿಗೆ ಬಂದೆ. ಒಂದು ಹೊರೆ ಸೊಪ್ಪು ತಾನಾಗಿ ನಮ್ಮ ಕಡೆ ತೇಲಿ ಬರುತ್ತಿರುವಂತೆ ಕಾಣುತ್ತಿತ್ತು. ಅದರೊಳಗೆ ಏನೋ ಹೊರಳುತ್ತಿತ್ತು. ಎಲೆಗಳ ಹಾಸು ಮುಗಿದು ಬಯಲು ನೀರು ಬಂತು. ದೋಣಿಗೆ ಹತ್ತಡಿ ದೂರ. ಹಿಡಿಬಲೆಯ ಕೋಲಿನ ಉದ್ದ ಆರಡಿ.

ಆಗ ಅದು ಹಾರಿತು.

ಪೂರ್ತಿ ಹಾರಲಿಲ್ಲ. ಅಷ್ಟು ಭಾರದ ಮೀನಿಗೆ ಪೂರ್ತಿ ಹಾರಲಾಗುವುದಿಲ್ಲ. ಮುಕ್ಕಾಲು ಮೈ ನೀರಿನಿಂದ ಮೇಲೆ ಬಂತು. ಬಾಯಿ ತೆರೆದು, ಕಿವಿರುಗಳನ್ನು ಬಿಚ್ಚಿ, ತಲೆಯನ್ನು ಎರಡು ಸಲ ಝಾಡಿಸಿತು. ಕಪ್ಪೆ ಕಳಚಿ ಹಾರಿ ಬಂದು ದೋಣಿಯ ಅಲ್ಯುಮಿನಿಯಂ ಮೈಗೆ ಟಪ್ ಎಂದು ಬಡಿಯಿತು. ಮೀನು ಪಕ್ಕಕ್ಕೆ ಬಿದ್ದು, ಒಂದರೆಗಳಿಗೆ ಅಲ್ಲೇ ಇದ್ದು, ಬಾಲ ಬೀಸಿ ಕೆಳಗಿಳಿಯಿತು. ಸೊಪ್ಪಿನ ಹೊರೆ ಮಾತ್ರ ತೇಲುತ್ತಾ ಉಳಿಯಿತು.

ಆ ಟಪ್ ಸದ್ದಿನಿಂದಲೇ ಅಜ್ಜನಿಗೆ ಎಲ್ಲ ತಿಳಿದಿತ್ತು. ಸಡಿಲವಾದ ನೂಲನ್ನು ನಿಧಾನವಾಗಿ ಸುತ್ತಿಕೊಂಡರು. ಕೋಲನ್ನು ದೋಣಿಯೊಳಗೆ ಮಲಗಿಸಿ ಕೂತರು. ಕೈ ನಡುಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವೆ. ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳೋಣವೆಂದುಕೊಂಡೆ, ಹೇಳಲಿಲ್ಲ.

ನನಗೆ ಒಳಗೊಳಗೇ ಭಯವಾಗಿದ್ದು ಅವರು ಕೇಳಲಿರುವ ಪ್ರಶ್ನೆಯದು. ಆ ಮೀನನ್ನು ನೋಡಿದವನು ಭೂಮಿಯ ಮೇಲೆ ನಾನೊಬ್ಬನೇ. ಎಂಟು ಪೌಂಡ್ ಎಂದರೆ ಅವರಿಗೆ ಸಮಾಧಾನವಾಗುತ್ತಿತ್ತು, ಆದರೆ ಸುಳ್ಳು. ಹತ್ತರ ಮೇಲೆ, ಎಷ್ಟೋ ಮೇಲೆ, ಎಂಬುದು ನಿಜ. ಆದರೆ 78ರ ವಯಸ್ಸಿನಲ್ಲಿ, ಸವೆಯುತ್ತಿರುವ ಕಣ್ಣಿನ ಮನುಷ್ಯನಿಗೆ ಆ ನಿಜ ಒಳ್ಳೆಯದೋ ಕೆಟ್ಟದ್ದೋ? ಮೀನುಗಾರರು ತೂಕದ ವಿಷಯದಲ್ಲಿ ಸುಳ್ಳು ಹೇಳುವುದಕ್ಕೆ ಹೆಸರಾದವರು. ಇನ್ನೊಬ್ಬನ ಮೀನಿನ ತೂಕವನ್ನು ಕಡಿಮೆ ಮಾಡಿ ಸುಳ್ಳು ಹೇಳಬೇಕೇ ಎಂದು ಯೋಚಿಸಿದ ಮೀನುಗಾರ ನಾನೊಬ್ಬನೇ ಇರಬಹುದು.

ಅಜ್ಜ ಕೇಳಿದ್ದು ಬೇರೆ.

"ಸಂಖ್ಯೆ ಹೇಳಬೇಡ. ಸಂಖ್ಯೆಯಾದರೆ ನೀನು ದಯೆ ತೋರಿಸಿಬಿಡುತ್ತೀಯ. ಕಂಡದ್ದನ್ನು ಹೇಳು."

ಹೇಳಿದೆ. ಬಾಯಿಂದ ಶುರು ಮಾಡಿದೆ. ಬಾಯೊಳಗೆ ನನ್ನ ಮುಷ್ಟಿ ಹೋಗುತ್ತಿತ್ತು, ಮಣಿಕಟ್ಟಿಗೂ ತಾಗುತ್ತಿರಲಿಲ್ಲ ಎಂದೆ. ಒಳಗೆಲ್ಲ ಬಿಳಿ, ಸುಣ್ಣ ಬಳಿದ ಗೋಡೆಯ ಬಿಳಿ. ಕೆಳದವಡೆಯ ಎಡಬದಿಯಲ್ಲಿ ಹಳೆಯ ಗಾಯದ ಗುರುತೊಂದಿತ್ತು, ಹಿಂದೆ ಯಾರೋ ಹಿಡಿದು ಬಿಟ್ಟಿದ್ದಿರಬೇಕು. ಬೆನ್ನು ಕಪ್ಪಿಗೆ ಹತ್ತಿರದ ಹಸಿರು. ಪಕ್ಕದ ಕರಿಪಟ್ಟೆ ಒಂದೇ ಗೆರೆಯಾಗಿರಲಿಲ್ಲ, ಶಾಯಿ ಚೆಲ್ಲಿದಂತೆ ಅಲ್ಲಲ್ಲಿ ಒಡೆದಿತ್ತು. ಹೊಟ್ಟೆ ಹೇಗಿತ್ತು ಎಂದರು. ನನಗೆ ನೆನಪಿಗೆ ಬಂದ ಹೋಲಿಕೆ ಎಳನೀರು ಕಾಯಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅಂಗಡಿಯ ಕಂದು ಬಣ್ಣದ ತೆಂಗಿನಕಾಯಿಯಲ್ಲ, ಸಿಪ್ಪೆ ಸುಲಿಯದ ಹಸಿರು ಕಾಯಿ, ಅಷ್ಟು ದಪ್ಪ ಎಂದು ಕೈಯಲ್ಲಿ ತೋರಿಸಿ, ಕೈ ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ, ಮತ್ತೆ ಮಾತಿನಲ್ಲಿ ಹೇಳಿದೆ. ಕಣ್ಣು? ಚಿನ್ನದ ಬಳೆಯ ನಡುವೆ ಕಪ್ಪು. ಹೆದರಿದಂತೆ ಇರಲಿಲ್ಲ. ಬಾಲ? ತುದಿ ಸ್ವಲ್ಪ ಹರಿದಿತ್ತು.

ಅವರು ನನ್ನ ಹೆಗಲಾಚೆ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಅಷ್ಟು ಉದ್ದಕ್ಕೆ ಯಾವುದಾದರೂ ಒಂದು ಜೀವವನ್ನು ಮಾತಿನಲ್ಲಿ ಬಿಡಿಸಿದ್ದು ನನಗೆ ಅದೇ ಮೊದಲು. ಎಲ್ಲ ಮುಗಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಹೆಣ್ಣು." ಬ್ಯಾಸ್‌ನಲ್ಲಿ ಅಷ್ಟು ದೊಡ್ಡದಾಗಿ ಬೆಳೆಯುವುದು ಹೆಚ್ಚುಕಡಿಮೆ ಹೆಣ್ಣುಗಳೇ.

ವಾಪಸು ಬರುವಾಗ ಟ್ರಕ್ಕಿನಲ್ಲಿ ನನ್ನ ತಲೆ ತನ್ನ ಹಳೆಯ ಚಾಳಿ ಶುರು ಮಾಡಿತು. ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಏನು ಕೆಟ್ಟರೂ ಮೂಲ ಕಾರಣ ಹುಡುಕುವ ಒಂದು ಸಭೆ ನಡೆಯುತ್ತದೆ, ಕಾರಣ ಸಿಗುವವರೆಗೆ ಯಾರಿಗೂ ಸಮಾಧಾನವಿಲ್ಲ. ಮನೆಗೆ ಬಂದು ಆ ಕಪ್ಪೆಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಗಾಳದ ಮೊನೆ ಉಗುರಿನ ಮೇಲೆ ಗೀರಿದರೆ ಗೀರು ಬೀಳುವಷ್ಟು ಚೂಪಾಗಿತ್ತು. ಬಾಗಿರಲಿಲ್ಲ. ಗಂಟು ಗಟ್ಟಿ. ನೂಲು ಎಲ್ಲೂ ಸವೆದಿರಲಿಲ್ಲ. ಅವರು ಕಾದದ್ದು ಸರಿ, ಎಳೆದದ್ದು ಸರಿ, ನಾನು ದೋಣಿ ನೂಕಿದ್ದು ಸರಿ.

ಹಾಗಾದರೆ ಯಾಕೆ ತಪ್ಪಿತು? ಬ್ಯಾಸ್‌ನ ಬಾಯಂಚಿನಲ್ಲಿ ತೆಳು ಪೊರೆಯೂ ಇದೆ, ಗಟ್ಟಿ ಮೂಳೆಯೂ ಇದೆ, ಗಾಳ ಎಲ್ಲಿ ನೆಡುತ್ತದೆಂಬುದು ಮೀನು ಬಾಯಿ ಮುಚ್ಚಿದ ಕ್ಷಣದ ಮಾತು. ಕಪ್ಪೆ ಗಾಳ ದಪ್ಪ, ಅದು ಮಾಡುವ ತೂತೂ ದೊಡ್ಡದು. ಹೊರೆ ಸೊಪ್ಪಿನ ಜೊತೆ ಎಳೆದಾಗ ಆ ತೂತು ಇನ್ನೂ ಹಿಗ್ಗುತ್ತದೆ. ಮೀನು ತಲೆ ಝಾಡಿಸಿದಾಗ ಹದಿನೈದಿಪ್ಪತ್ತು ಗ್ರಾಮಿನ ಕಪ್ಪೆಯೇ ಸನ್ನೆಗೋಲಿನಂತೆ ಕೆಲಸ ಮಾಡಿ ಗಾಳವನ್ನು ಮೀಟಿ ತೆಗೆಯುತ್ತದೆ. ಸೊಪ್ಪಿಗೆ ಸಿಕ್ಕದಂತೆ ಮಾಡಿದ ಗಾಳ ಮೀನಿನ ಬಾಯಿಗೂ ಸುಲಭವಾಗಿ ಸಿಕ್ಕುವುದಿಲ್ಲ, ಅದು ಆ ವಸ್ತುವಿನಲ್ಲೇ ಇರುವ ಗುಣ. ಮರುದಿನ ಬೇಲಿಯ ಮೇಲಿಂದ ಇದನ್ನೆಲ್ಲ ವಿವರಿಸಿದಾಗ ಅಜ್ಜ ಅಂದರು: "ನಾವು ಮಾಡಬೇಕಾದದ್ದನ್ನು ನಾವು ಮಾಡಿದೆವು. ಅದು ಮಾಡಬೇಕಾದದ್ದನ್ನು ಅದು ಮಾಡಿತು. ಸಭೆ ಮುಗಿಸು."

ಆದರೂ ಒಂದು ಲೆಕ್ಕ ನನಗೆ ಬಗೆಹರಿಯಲಿಲ್ಲ. ಆ ಮೀನು ಬಲೆಗೆ ಬಂದಿದ್ದರೆ ನಾವೇನು ಮಾಡುತ್ತಿದ್ದೆವು? ತೂಗುತ್ತಿದ್ದೆವು, ಒಂದು ಫೋಟೊ ತೆಗೆಯುತ್ತಿದ್ದೆವು, ಬಾಲ ಹಿಡಿದು ನೀರಿನಲ್ಲಿ ಆಡಿಸಿ ಬಿಟ್ಟುಬಿಡುತ್ತಿದ್ದೆವು. ಎರಡು ನಿಮಿಷದ ನಂತರ ಮೀನು ಅದೇ ನೀರಿನಲ್ಲಿ, ಅದೇ ಎಲೆಯ ಕೆಳಗೆ. ಬಿಟ್ಟ ಮೀನೂ ಹೋಗುವುದು ಅಲ್ಲಿಗೇ, ತಪ್ಪಿಸಿಕೊಂಡ ಮೀನೂ ಹೋಗುವುದು ಅಲ್ಲಿಗೇ. ಹಾಗಿದ್ದರೆ ನಾವು ಕಳೆದುಕೊಂಡದ್ದು ಏನು? ಒಂದು ಸಂಖ್ಯೆಯೇ?

ಸಂಖ್ಯೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಡಿಕ್ಸನ್ ಲೇಕಿನಲ್ಲಿ 2006ರ ಮಾರ್ಚಿನಲ್ಲಿ ಮ್ಯಾಕ್ ವೀಕ್ಲಿ ಎಂಬವರು ಒಂದು ಬ್ಯಾಸ್ ಹಿಡಿದರು. ಕೈತಕ್ಕಡಿ ತೋರಿಸಿದ್ದು 25 ಪೌಂಡ್ 1 ಔನ್ಸ್. ಜಾರ್ಜ್ ಪೆರಿಯ ದಾಖಲೆಯನ್ನು ಎರಡೂವರೆ ಪೌಂಡಿಗೂ ಮಿಕ್ಕಿ ದಾಟಿದ ಮೀನು. ಆದರೆ ಗಾಳ ಚುಚ್ಚಿಕೊಂಡದ್ದು ಬಾಯಿಗಲ್ಲ, ಮೈಗೆ. ಹೊರಗಿನಿಂದ ಸಿಕ್ಕಿಕೊಂಡ ಮೀನು ಅದು. ಅವರು ಅದನ್ನು ನೀರಿಗೆ ಬಿಟ್ಟರು, ದಾಖಲೆಗೂ ಹಕ್ಕು ಹೂಡಲಿಲ್ಲ. ಎರಡು ವರ್ಷದ ನಂತರ ಅದು ಸತ್ತು ತೇಲಿದಾಗ, ಮೈಮೇಲಿನ ಮಚ್ಚೆಯಿಂದ ಜನ ಗುರುತು ಹಿಡಿದರು. ಅದಕ್ಕೆ ತೂಕ ಇತ್ತು, ಫೋಟೊ ಇತ್ತು, ಸಾಕ್ಷಿಗಳಿದ್ದರು. ಆದರೂ ಅದು ಯಾರ ಮೀನೂ ಆಗಲಿಲ್ಲ. ನಮ್ಮ ಮೀನಿಗೆ ತೂಕವಿಲ್ಲ, ಫೋಟೊ ಇಲ್ಲ. ಆದರೂ ಅಜ್ಜ ಅದರ ಬಗ್ಗೆ ಮಾತಾಡುವಾಗ ನನ್ನ ಮೀನು ಎಂದೇ ಹೇಳುತ್ತಾರೆ.

ಆ ಭಾನುವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಮಾತಿನ ಮಧ್ಯೆ ಇದನ್ನು ಹೇಳಿದೆ. ಹಿಡಿದು ಬಿಡುವ ಕತೆಗಳನ್ನು ಹೇಳುವಾಗ ಅಪ್ಪ ಹೂಂ ಹೂಂ ಎನ್ನುತ್ತಾ ಟಿವಿ ನೋಡುತ್ತಿರುತ್ತಾರೆ ಎಂದು ನನಗೆ ಗೊತ್ತು. ಈ ಸಲ ಕಪ್ಪೆ ಬಿದ್ದ ಜಾಗಕ್ಕೆ ಬರುವಷ್ಟರಲ್ಲಿ ಟಿವಿಯ ಸದ್ದು ನಿಂತಿತು.

"ಎಷ್ಟ್ ದೂರ ಇತ್ಲಾ ದೋಣಿಗೆ?"

"ಹತ್ತಡಿ ಅಪ್ಪ."

"ಅಯ್ಯೋ ಸಿವನೇ." ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. "ಆ ಯಜಮಾನ್ರು ಊಟ ಮಾಡಿದ್ರಾ?"

ಹಿಡಿದು ಬಿಡುವುದನ್ನು ಅಪ್ಪನಿಗೆ ವಿವರಿಸಲು ನಾನು ಹತ್ತು ವರ್ಷ ಒದ್ದಾಡಿದ್ದೆ. ತಪ್ಪಿಸಿಕೊಂಡದ್ದನ್ನು ವಿವರಿಸಬೇಕಾಗಿಯೇ ಬರಲಿಲ್ಲ. ಅಷ್ಟೇ ಅಲ್ಲ, ನಾನು ಕೇಳದೆಯೇ ಅಪ್ಪ ತಮ್ಮದೊಂದು ಮೀನಿನ ಕತೆ ತೆಗೆದರು. ಇಷ್ಟು ವರ್ಷ ಅದನ್ನು ನನಗೆ ಹೇಳಿರಲಿಲ್ಲ. ನಾನು ಹುಟ್ಟಿ ಹದಿನೈದು ದಿನವಾಗಿತ್ತಂತೆ. ಅವ್ವ ಬಹಳ ಸೊರಗಿದ್ದಳು. ಬಾಣಂತಿಗೆ ಕೊರವನ ಸಾರು ಒಳ್ಳೆಯದು, ಮೈಯಲ್ಲಿ ಶಕ್ತಿ ಬರುತ್ತದೆ ಎಂದು ಅಜ್ಜಿ ಹೇಳಿದಳು. ಅಪ್ಪ ಹೊತ್ತು ಮೂಡುವ ಮೊದಲೇ ಕೆರೆಗೆ ಹೋದರು. ಬಿಸಿಲೇರುವವರೆಗೂ ಏನೂ ಇಲ್ಲ. ಆಮೇಲೆ ಕೋಡಿಯ ಹತ್ತಿರದ ಜೊಂಡಿನಲ್ಲಿ ಕಪ್ಪೆಯನ್ನು ಒಂದು ಕೊರವ ನುಂಗಿತು. ಎಳೆದು ಏರಿಯ ಕಲ್ಲಿನವರೆಗೆ ತಂದರಂತೆ. ಮೀನು ಕಲ್ಲಿನ ಮೇಲೆ ಬಂದು ಬಿದ್ದು, ಅಲ್ಲೇ ಎರಡು ಸಲ ಹೊರಳಿ, ಗಾಳ ಕಳಚಿ, ಕೈಯಿಟ್ಟರೂ ನಿಲ್ಲದೆ ಜಾರಿ ನೀರಿಗೆ ಹೋಯಿತು.

"ಮನೇಲಿ ಅವ್ವ ಮಸಾಲೆ ಅರೆದಿಟ್ಟಿದ್ಲು ಕಣಪ್ಪ. ಬರೀ ಕೈಲಿ ಹೆಂಗೆ ಹೋಗೋದು ಅಂತ ಹೊತ್ತು ನೆತ್ತಿಗೆ ಬರೋಗಂಟ ಏರಿ ಮೇಲೆ ಕುಂತಿದ್ದೆ."

ಅವ್ವ ಏನೆಂದಳು ಎಂದು ಕೇಳಿದೆ. ಏನೂ ಅನ್ನಲಿಲ್ಲವಂತೆ. ಅರೆದ ಮಸಾಲೆಗೆ ಹುರುಳಿಕಾಳು ಹಾಕಿ ಸಾರು ಮಾಡಿದರಂತೆ. ಅಪ್ಪನ ಆ ಮೀನಿಗೂ ಅಜ್ಜನ ಈ ಮೀನಿಗೂ ಯಾವ ಸಾಟಿ? ಅದು ಹೊಟ್ಟೆಯ ಮಾತು, ಇದು ಹವ್ಯಾಸ. ಅಪ್ಪ ಆ ವ್ಯತ್ಯಾಸ ಮಾಡಲಿಲ್ಲ. ಕೊನೆಗೆ ಅವರು ಕೇಳಿದ್ದು, ಆ ಯಜಮಾನರಿಗೆ ನೀನು ತೂಕ ಎಷ್ಟೆಂದು ಹೇಳಿದೆ ಎಂದು. ಹೇಳಲಿಲ್ಲ, ಬೇಡವೆಂದರು ಎಂದೆ. "ಒಳ್ಳೇದು," ಅಂದರು.

ಎರಡು ದಿನ ಬಿಟ್ಟು ನನ್ನ ತಮ್ಮನ ಮಗನ ಫೋನಿನಿಂದ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ಅಪ್ಪ ಜಗುಲಿಯ ಮೇಲೆ ಕೂತಿದ್ದಾರೆ. ಎರಡೂ ಅಂಗೈಗಳನ್ನು ಎದುರುಬದುರು ಮಾಡಿ, ನಡುವೆ ಜಾಗ ಬಿಟ್ಟು, ಕ್ಯಾಮರಾದ ಕಡೆ ಹಿಡಿದಿದ್ದಾರೆ. ಮುಖದಲ್ಲಿ ನಗುವಿಲ್ಲ. ಕೆಳಗೆ ಒಂದಕ್ಷರವೂ ಇಲ್ಲ.

ಸಂಜೆ ಅದನ್ನು ಅಜ್ಜನ ಮನೆಗೆ ಒಯ್ದೆ. ಕೊರವನ ಕತೆ ಹೇಳಿದೆ, ಬಾಣಂತಿಯ ಸಾರು ಎಂದರೇನೆಂದೂ ಹೇಳಿದೆ. ಅವರು ಫೋನನ್ನು ಕಣ್ಣಿನ ಅಂಚಿಗೆ ಹಿಡಿದು, ಅತ್ತಿತ್ತ ಓರೆ ಮಾಡಿ ನೋಡಿದರು. ಜಗುಲಿಯ ಕಂಬ ಕಂಡಿತು, ಅಪ್ಪನ ಪಂಚೆ ಕಂಡಿತು. ನಡುವೆ ಏನಿದೆ ಎಂದು ಕೇಳಿದರು. ನಾನು ಫೋನನ್ನು ಮೇಜಿನ ಮೇಲಿಟ್ಟು, ಅವರ ಎರಡೂ ಕೈಗಳನ್ನು ಹಿಡಿದು, ಚಿತ್ರದಲ್ಲಿ ಅಪ್ಪನ ಕೈಗಳು ಎಷ್ಟು ದೂರದಲ್ಲಿದ್ದವೋ ಅಷ್ಟು ದೂರಕ್ಕೆ ತಂದು ನಿಲ್ಲಿಸಿದೆ. ಅವರು ಕೈಗಳನ್ನು ಹಾಗೆಯೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು.

"ಒಳ್ಳೆಯ ಮೀನು," ಎಂದರು.